ಕೀಲಿ ನಿಮ್ಮ ಕೈಯಾಗ ಇರಲಿ

ಶಹಾಬಾದ್ ಕಲ್ಲಿನ ಹೆಸರು ಕೇಳದ ಗೌಂಡಿ ಸಿಗುವುದು ಕಷ್ಟ. ಖಣಿಗಳು ಚಿತ್ತಾಪುರ, ಸೇಡಂ, ವಾಡಿ ಕಡೆಗೂ ಇವೆ. ಹೊರಗಿನವರಿಗೆ ಮಾತ್ರ ಎಲ್ಲವೂ ಶಹಾಬಾದ್ ಕಲ್ಲೇ. ಕಲ್ಲಿಗೆ ಇಷ್ಟು ಹೆಸರಿದ್ದರೂ ಅದನ್ನು ಕೊಯ್ದು, ಪಾಲಿಷ್ ಹಾಕಿ ಮಾರುವವರ ಹೆಸರು ಊರು ದಾಟುವುದಿಲ್ಲ. ನಡುವಿನ ದಲ್ಲಾಳಿಯೇ ಗಿರಾಕಿಗೆ ಕಾಣುತ್ತಾನೆ. ನಮ್ಮ ಗ್ವಾಡಿ ಆಚೆಯ ಕಾಕಾನ ಚಿಂತೆಯೂ ಇದೇ.

"ತಮ್ಮಾ, ಪುಣೇದವ್ರು ಫೋನ್ ಹಚ್ಚಿ, ನಿಮ್ಮ ವೆಬ್‌ಸೈಟ್ ಎಲ್ಲಿ ಅದ ಅಂತ ಕೇಳ್ತಾರ. ಮಾಡಿಸ್ಬೇಕಂದ್ರ ಯಾರನ್ನ ನಂಬಲಿ? ನಿನ್ನಿ ಒಬ್ಬ ಗೂಗಲ್ ಆಫೀಸಿಂದ ಅಂದ. ನಿಮ್ಮ ಅಂಗಡಿ ಮ್ಯಾಪಿನ್ಯಾಗ ಮೊದ್ಲ ಬರಂಗ ಮಾಡ್ತೀವಿ, ಇವತ್ತೇ ರೊಕ್ಕ ಹಾಕ್ರಿ ಅಂದ."

"ಹಾಕಬ್ಯಾಡ್ರಿ ಕಾಕಾ. ಮ್ಯಾಪಿನ್ಯಾಗ ಅಂಗಡಿ ಹೆಸರು ಸೇರಿಸಾಕ ಒಂದು ಪೈಸಾನೂ ಇಲ್ಲ. ನಿಮ್ಮ ಮೊಬೈಲ್‌ದಾಗ ನೀವೇ ಸೇರಿಸಬಹುದು. ಅಂಗಡಿ ಖರೇನ ಅದ ಅಂತ ತೋರಿಸಾಕ ಬೋರ್ಡು, ಒಳಗಿನ ಮಷೀನು ಕಾಣೂಹಂಗ ಒಂದು ವಿಡಿಯೋ ಕೇಳಿದ್ರೂ ಕೇಳಬಹುದು, ಅಷ್ಟೇ."

ಸಣ್ಣ ಉದ್ದಿಮೆಗಳಿಗಿರುವ ಉದ್ಯಮ್ ನೋಂದಣಿಯೂ ಹಾಗೇ. 2020ರ ಜುಲೈ 1ರಂದು ಶುರುವಾದಾಗಿನಿಂದ ಸರ್ಕಾರದ ತಾಣದಲ್ಲಿ ಅದಕ್ಕೆ ಶುಲ್ಕವೇ ಇಲ್ಲ. ಆದರೆ ಅದೇ ಬಣ್ಣ, ಅದೇ ಲಾಂಛನ ಹಚ್ಚಿಕೊಂಡು ಹಣ ಕೇಳುವ ಖಾಸಗಿ ತಾಣಗಳಿವೆ. ವಿಳಾಸದ ಕೊನೆಗೆ ಗವ್ ಡಾಟ್ ಇನ್ (gov.in) ಇದೆಯೇ ಎಂದು ನೋಡಿಕೊಂಡೇ ಮುಂದುವರಿಯಬೇಕು.

ಇನ್ನು ನಂಬಿಕೆಯ ಮಾತು. ದೂರದ ಗಿರಾಕಿ ಕಲ್ಲನ್ನು ಮುಟ್ಟಿ ನೋಡಲಾರ. ಹಾಗಾಗಿ ಅವನ ಕಣ್ಣಿಗೆ ಎಲ್ಲವನ್ನೂ ತೋರಿಸಬೇಕು. ನೆಟ್‌ನಲ್ಲಿ ಸಿಕ್ಕ ಚೆಂದದ ಚಿತ್ರ ಹಾಕುವುದರಲ್ಲಿ ಅರ್ಥವಿಲ್ಲ. ಒಂದು ಫರಸಿಯನ್ನು ಬಿಸಿಲಿಗೆ ತಂದು ಪಾಲಿಷ್ ಮಾಡಿದ ಮೈ, ಹಿಂದಿನ ಒರಟು ಮೈ ಎರಡರ ಫೋಟೋ ತೆಗೆಯಿರಿ. ಅಂಚಿಗೆ ಟೇಪು ಹಿಡಿದು ದಪ್ಪ ಕಾಣುವಂತೆ ಇನ್ನೊಂದು ತೆಗೆಯಿರಿ. ನೀರು ಚಿಮುಕಿಸಿದಾಗ ಬಣ್ಣ ಹೇಗೆ ಗಾಢವಾಗುತ್ತದೆ ಎಂಬುದನ್ನೂ ತೋರಿಸಿ. ಇದು ಪದರುಪದರಾಗಿ ಏಳುವ ಸುಣ್ಣದ ಕಲ್ಲು. ದಪ್ಪದಲ್ಲಿ ಹೆಚ್ಚುಕಮ್ಮಿ ಇದ್ದೇ ಇರುತ್ತದೆ. ಅದನ್ನು ಮುಚ್ಚಿಡದೆ ಬರೆಯಿರಿ. ಲಾರಿಯಲ್ಲಿ ಒಡೆದರೆ ನಷ್ಟ ಯಾರದು ಎಂಬುದನ್ನೂ ಬರೆಯಿರಿ. ಈ ಎರಡು ಸಾಲು ಓದಿದ ಗಿರಾಕಿಗೆ ಹುಟ್ಟುವ ಧೈರ್ಯ 'ನಂಬರ್ ಒನ್ ಕ್ವಾಲಿಟಿ' ಎಂಬ ದೊಡ್ಡ ಅಕ್ಷರದಿಂದ ಹುಟ್ಟುವುದಿಲ್ಲ.

ಜಿಎಸ್‌ಟಿ ಸಂಖ್ಯೆಯನ್ನೂ ಪುಟದ ಮೇಲೆ ಹಾಕಿ. ಬೇರೆ ರಾಜ್ಯಕ್ಕೆ ಮಾಲು ಮಾರುವವರಿಗೆ ಅದು ಹೇಗೂ ಬೇಕೇ ಬೇಕು. ಜಿಎಸ್‌ಟಿ ತಾಣದಲ್ಲಿ ಆ ಸಂಖ್ಯೆ ಬರೆದರೆ ಯಾರಿಗಾದರೂ ನಿಮ್ಮ ವ್ಯವಹಾರದ ಹೆಸರು, ನೋಂದಣಿಯಾದ ತಾರೀಖು ಕಾಣುತ್ತದೆ. ಚಿಂಚೋಳಿಯಲ್ಲಿ ಶೇಂಗಾ ಹಿಂಡಿ ಮಾಡಿ ಮಾರುವ ಅಕ್ಕನಿಗಾದರೆ ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಯ ಸಂಖ್ಯೆ ಇದೇ ಕೆಲಸ ಮಾಡುತ್ತದೆ. ಸೇಡಂನ ಬೇಳೆ ವ್ಯಾಪಾರಿಗಳು ಮಾತ್ರ ಒಂದು ಎಚ್ಚರ ಇಟ್ಟುಕೊಳ್ಳಬೇಕು. ಗುಲಬರ್ಗಾ ತೊಗರಿಬೇಳೆಗೆ 2019ರಲ್ಲಿ ಜಿಐ, ಅಂದರೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಆ ಗುರುತನ್ನು ಚೀಲದ ಮೇಲೆ ಅಚ್ಚು ಹಾಕಿಸುವವರು ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಂಡಿರಬೇಕು.

"ರೊಕ್ಕ ಕೊಟ್ರ ನೂರು ಮಂದಿ ಕಡೆಯಿಂದ ಐದೈದು ಸ್ಟಾರ್ ಹಾಕಿಸ್ತೀವಿ ಅಂತಾರಲ್ಲ?"

"ಅದು ಬ್ಯಾಡೇ ಬ್ಯಾಡ ಕಾಕಾ. ನಿಮ್ಮ ಕಲ್ಲು ಹಾಸಿದ ಗೌಂಡಿ ಕಡೆಯಿಂದ ಫೋಟೋ ಸಮೇತ ಎರಡು ಸಾಲು ಬರೆಸ್ರಿ. ಅದು ನೂರಕ್ಕ ಸಮ."

ಕೊಂಡು ಬರೆಸಿದ ಹೊಗಳಿಕೆಯ ಕಾಟ ಎಷ್ಟಾಗಿದೆಯೆಂದರೆ ಗಿರಾಕಿಗಳ ಅಭಿಪ್ರಾಯಕ್ಕೇ ಭಾರತೀಯ ಮಾನಕ ಬ್ಯೂರೋ 2022ರಲ್ಲಿ ಐಎಸ್ 19000 ಎಂಬ ಮಾನಕ ತರಬೇಕಾಯಿತು. ಒಂದೇ ದಿನ, ಒಂದೇ ಧಾಟಿಯಲ್ಲಿ ಬಂದ ಹೊಗಳಿಕೆ ಗಿರಾಕಿಗೂ ಗೊತ್ತಾಗುತ್ತದೆ.

ಇನ್ನೊಂದು ಮೋಸ ವ್ಯಾಪಾರಿಗಳನ್ನೇ ಹುಡುಕಿಕೊಂಡು ಬರುತ್ತದೆ. ಮಿಲಿಟರಿ ಕ್ಯಾಂಪಿನಿಂದ ಎಂದು ಹೇಳಿ ದೊಡ್ಡ ಆರ್ಡರ್ ಕೊಡುತ್ತಾರೆ. ಅಡ್ವಾನ್ಸ್ ಕಳಿಸುತ್ತೇವೆ, ಈ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಹಾಕಿ ಎನ್ನುತ್ತಾರೆ. ಹಣ ಬರಬೇಕಾದರೆ ಪಿನ್ ಬೇಕಿಲ್ಲ. ಪಿನ್ ಹಾಕಿದಿರೆಂದರೆ ಹಣ ಹೋಯಿತು. ಹಾಗಾದ ಕೂಡಲೇ ಮರ್ಯಾದೆಗೆ ಅಂಜದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಈಗ ಕಾಕಾನ ಮೂಲ ಪ್ರಶ್ನೆ: ಯಾರನ್ನು ನಂಬುವುದು? ನನ್ನ ಮಟ್ಟಿಗೆ, ಕೈಗೆ ಸಿಗುವವನೇ ಮೇಲು. ಚಿತ್ತಾಪುರದ ಹುಡುಗನಾಗಲಿ, ಕಲಬುರಗಿಯ ಸಂಸ್ಥೆಯಾಗಲಿ, ಹಿಂದೆ ಮಾಡಿಕೊಟ್ಟ ಅಂಗಡಿಗಳ ಹೆಸರು ಕೇಳಿ. ಅವರಿಗೇ ಫೋನ್ ಮಾಡಿ, ವರ್ಷವಾದ ಮೇಲೂ ಕರೆದರೆ ಬರುತ್ತಾರಾ ಎಂದು ವಿಚಾರಿಸಿ. ಸಣ್ಣ ಹುಡುಗನ ಹತ್ತಿರ ಜಿಎಸ್‌ಟಿ ಇಲ್ಲದಿದ್ದರೆ ಅನುಮಾನ ಪಡಬೇಕಿಲ್ಲ; ಸೇವೆಗಳಿಗೆ ವರ್ಷದ ವಹಿವಾಟು 20 ಲಕ್ಷ ದಾಟುವವರೆಗೆ ಸಾಮಾನ್ಯವಾಗಿ ಅದು ಕಡ್ಡಾಯವಲ್ಲ. ಆದರೆ ಏನು ಮಾಡಿಕೊಡುತ್ತಾನೆ, ಎಷ್ಟು ತಗೊಳ್ಳುತ್ತಾನೆ ಎಂಬುದು ಕಾಗದದ ಮೇಲೆ ಇರಬೇಕು. ಹಣವನ್ನು ಕೆಲಸ ಮುಗಿದಂತೆ ಕಂತಿನಲ್ಲಿ ಕೊಡಿ.

ಎಲ್ಲಕ್ಕಿಂತ ದೊಡ್ಡದು ಕೀಲಿ. ವೆಬ್‌ಸೈಟಿನ ಹೆಸರು, ಅಂದರೆ ಡೊಮೈನ್, ನಿಮ್ಮ ಹೆಸರಿನಲ್ಲಿ, ನಿಮ್ಮ ಇ-ಮೇಲ್ ಮತ್ತು ಮೊಬೈಲ್ ನಂಬರಿನಲ್ಲೇ ನೋಂದಣಿಯಾಗಬೇಕು. ಮಾಡಿಕೊಟ್ಟವನ ಖಾತೆಯಲ್ಲಿದ್ದರೆ ನವೀಕರಣಕ್ಕೆ ಅವನು ಕೇಳಿದ್ದೇ ರೇಟು. ಅವನು ಊರು ಬಿಟ್ಟರೆ ನಿಮ್ಮ ಹೆಸರೂ ಅವನ ಜೊತೆ ಹೋದಂತೆ. ಮ್ಯಾಪಿನಲ್ಲೂ ಮಾಲೀಕರಾಗಿ ನೀವೇ ಇರಿ, ಅವನನ್ನು ಮ್ಯಾನೇಜರ್ ಎಂದು ಸೇರಿಸಿ. ಪಾಸ್‌ವರ್ಡ್ ಕೊಡುವ ಅಗತ್ಯ ಬೀಳುವುದಿಲ್ಲ, ಬೇಡವಾದ ದಿನ ತೆಗೆದುಹಾಕಬಹುದು.

ಈಗಾಗಲೇ ವೆಬ್‌ಸೈಟ್ ಮಾಡಿಸಿರುವವರು ಮಾಡಿಕೊಟ್ಟವರಿಗೆ ಇವತ್ತೇ ಫೋನ್ ಮಾಡಿ, ಡೊಮೈನ್ ಯಾರ ಇ-ಮೇಲಿನಲ್ಲಿದೆ ಎಂದು ಕೇಳಿ. ಅವರದರಲ್ಲಿದ್ದರೆ ನಿಮ್ಮದಕ್ಕೆ ವರ್ಗ ಮಾಡಿಸಿಕೊಳ್ಳಿ, ಅದೂ ನವೀಕರಣದ ತಾರೀಖು ಬರುವ ಮೊದಲೇ.