ಹುಣಸೆಬೀಜದ ಗಣಿತ

ಶ್ರಾವಣದಲ್ಲಿ ಆನೆಕೊಂಡದ ಬಸವೇಶ್ವರನ ಕಾರಣಿಕವನ್ನು ಕೇಳಿಬಂದ ಗಂಡಸರು, ಆ ಒಂದು ನುಡಿಯಿಂದ ಮಳೆ, ಬೆಳೆ, ರಾಜಕಾರಣಗಳ ಭವಿಷ್ಯವನ್ನೆಲ್ಲ ಕಟ್ಟೆಯ ಮೇಲೆ ಕುಳಿತು ಇತ್ಯರ್ಥಗೊಳಿಸುತ್ತಿರುವಾಗ, ನಮ್ಮ ಓಣಿಯ ಹೆಂಗಸರು ಚೌಕಾಬಾರದ ಮನೆ ಬರೆದು, ಅದಕ್ಕಿಂತ ಸಮೀಪದ ಭವಿಷ್ಯವಾದ ಮುಂದಿನ ಗರವನ್ನು ಚಿಂತಿಸುತ್ತಿರುತ್ತಾರೆ. ಈ ಸಭೆಗೆ ನಿವೃತ್ತ ಗಣಿತದ ಮೇಷ್ಟ್ರೊಬ್ಬರು ಖಾಯಂ ಪ್ರೇಕ್ಷಕರು. ಕೇಳಿದವರಿಲ್ಲದಿದ್ದರೂ ಹೇಳುವ ಔದಾರ್ಯ ಅವರದು.

1654ರಲ್ಲಿ ಪ್ಯಾಸ್ಕಲ್, ಫರ್ಮಾ ಎಂಬ ಫ್ರೆಂಚ್ ಪಂಡಿತರು ಜೂಜಿನ ಸಂದೇಹವೊಂದರ ಪರಿಹಾರಾರ್ಥವಾಗಿ ಪತ್ರ ಬರೆದುಕೊಂಡು ಸಂಭವನೀಯತೆಯ ಶಾಸ್ತ್ರಕ್ಕೆ ಅಡಿಗಲ್ಲಿಟ್ಟ ವೃತ್ತಾಂತದಿಂದ ಮೊದಲುಮಾಡಿ, ಅವರು ಹುಣಸೆಬೀಜಕ್ಕೆ ಇಳಿಯುತ್ತಾರೆ. ಚಿಮ್ಮಿದ ನಾಣ್ಯದಂತೆ, ಒಂದು ಮಗ್ಗುಲನ್ನು ಕಲ್ಲಿಗೆ ಉಜ್ಜಿ ಬಿಳುಪು ತೆಗೆದ ಬೀಜಕ್ಕೂ ಎರಡೇ ಗತಿ. ನಾಲ್ಕು ಬೀಜಕ್ಕೆ ಹದಿನಾರು. ಅದರಲ್ಲಿ ಒಂದು ಬೀಳುವುದು ನಾಲ್ಕು ಬಗೆ, ಎರಡು ಆರು ಬಗೆ, ಮೂರು ನಾಲ್ಕು ಬಗೆ. ಎಲ್ಲವೂ ಬೆಳ್ಳಗಾಗುವ ಚೌಕ ಒಂದೇ ಬಗೆ, ಎಲ್ಲವೂ ಕಪ್ಪಾಗುವ ಎಂಟು ಒಂದೇ ಬಗೆ. ಆದಕಾರಣ ಐದು ಸಲ ಎಸೆದರೂ ಚೌಕವಾಗಲಿ ಎಂಟಾಗಲಿ ಬೀಳದಿರುವ ಸಂಭವವೇ ಅರ್ಧಕ್ಕಿಂತ ತುಸು ಹೆಚ್ಚು.

"ಆಗ್ಲಿಂದ ಎಂಟು ಬಿದ್ದಿಲ್ಲ, ಇನ್ನ ಬೀಳಾಕಬೇಕು" ಎಂದು ಬೀಜ ಕುಲುಕಿದರು ಎದುರುಮನೆಯ ಅಜ್ಜಿ.

"ಹಾಗೇನಿಲ್ಲಮ್ಮ, ಬೀಜಕ್ಕೆ ಹಿಂದಿನ ನೆನಪಿರೋದಿಲ್ಲ."

"ನೆನಪಿಲ್ಲಂದ್ರ ಹುಣಸೆಬೀಜ ಬಿತ್ತಿದ್ರ ಹುಣಸೇನಾ ಯಾಕ ಹುಟ್ಟತೈತಿ ಮೇಷ್ಟ್ರೇ, ಬೇವು ಯಾಕ ಹುಟ್ಟಂಗಿಲ್ಲ?"

ಇಂತಹ ಆಕ್ಷೇಪವನ್ನು ಫರ್ಮಾ ಎದುರಿಸಬೇಕಾಗಿ ಬಂದಿರಲಾರದು. ಅಷ್ಟರಲ್ಲಿ ಅಜ್ಜಿಗೆ ಚೌಕ ಬಿತ್ತು. ಇನ್ನೊಮ್ಮೆ ಎಸೆಯುವ ಹಕ್ಕು ಬಂದು, ಮತ್ತೊಂದು ಚೌಕದಲ್ಲಿ ಎದುರಾಳಿಯ ಕಾಯಿಯನ್ನು ಕಡಿದು, ತಮ್ಮದನ್ನು ಹಣ್ಣು ಮಾಡಿಕೊಂಡರು.

ಮೇಷ್ಟ್ರು ಒಂದು ಬೀಜವನ್ನು ಎತ್ತಿ ಬೆಳಕಿಗೆ ಹಿಡಿದರು. ಬೀಜಗಳನ್ನು ಆರಿಸಿ ಉಜ್ಜಿದ್ದವರು ಅಜ್ಜಿಯೇ. ಕಪ್ಪು ಮಗ್ಗುಲು ಉಬ್ಬಿ, ಬಿಳಿಯ ಮಗ್ಗುಲು ಸಪಾಟಾಗಿ, ಅಂಚಿನಲ್ಲಿ ಒಂದು ಕಡೆ ದಪ್ಪವೂ ಉಳಿದಿತ್ತು. ಹತ್ತರಲ್ಲಿ ಆರು ಬಾರಿ ಬಿಳುಪೇ ಮೇಲಾಗುವ ಬೀಜಗಳಾದರೆ ಚೌಕದ ಸಂಭವ ನೂರಕ್ಕೆ ಸುಮಾರು ಹದಿಮೂರಕ್ಕೇರಿ, ಎಂಟಿನದು ಮೂರಕ್ಕೂ ಕೆಳಗಿಳಿಯುತ್ತದೆ. ಹದಿನಾರರ ಸಮಪಾಲು ಕಾಗದದ ಮೇಲೆಯೇ ಉಳಿಯುತ್ತದೆ. ನನಗಂತೂ ಶಾಸ್ತ್ರದ ಮೇಲಿನ ಗೌರವ ಇಮ್ಮಡಿಸಿತು, ಅಜ್ಜಿಯ ಮೇಲಿನದು ಮುಮ್ಮಡಿಸಿತು.

ನಿಜವಾದ ಪ್ರಮಾಣವನ್ನು ಅರಿಯಲು ಸಾವಿರ ಬಾರಿ ಎಸೆದು ಬರೆದಿಡಬೇಕೆಂದು ಮೇಷ್ಟ್ರು ಬೀಜಗಳನ್ನು ಎರವಲು ಬೇಡಿದರು.

"ಒಯ್ರಿ," ಎಂದರು ಅಜ್ಜಿ, "ಆದ್ರ ಸಾವಿರ ಸಲ ಎಸದು ಸವದ್ರ, ಹೊಸಾವು ನೀವಾ ಉಜ್ಜಿಕೊಡಬೇಕು."