ಹದಿನೆಂಟು ಬಜೆಟ್, ಒಂದು ಕಳೆಯುವ ಲೆಕ್ಕ

ವಜುಭಾಯಿ ವಾಲಾ ಗುಜರಾತಿನ ಹಣಕಾಸು ಸಚಿವರಾಗಿ 18 ಬಜೆಟ್ ಮಂಡಿಸಿದವರು. ಲೆಕ್ಕದಲ್ಲಿ ಇಷ್ಟು ಪಳಗಿದ ಆಸಾಮಿ ನಮ್ಮ ಕರ್ನಾಟಕದ ರಾಜಭವನಕ್ಕೆ ರಾಜ್ಯಪಾಲರಾಗಿ ಬಂದದ್ದು ಅಪರೂಪ. ಅಂಥವರ ಮುಂದೆ 2018ರ ಮೇ ತಿಂಗಳಲ್ಲಿ ಒಂದು ಕಳೆಯುವ ಲೆಕ್ಕ ಬಂತು. 112ರಲ್ಲಿ 104 ಕಳೆದರೆ ಎಷ್ಟು?

ಒಂದನೇ ಇಯತ್ತೆಯ ಮಗು ಎಂಟು ಎನ್ನುತ್ತದೆ. ರಾಜಭವನ ‘ಹದಿನೈದು ದಿನ’ ಎಂದಿತು.

ಚುನಾವಣೆ ನಡೆದದ್ದು 222 ಕ್ಷೇತ್ರಗಳಿಗೆ; ಬಹುಮತಕ್ಕೆ 112 ಬೇಕಿತ್ತು. ಬಿಜೆಪಿ 104, ಕಾಂಗ್ರೆಸ್ 78, ಜೆಡಿಎಸ್ 37. ಕೊನೆಯ ಎರಡನ್ನು ಕೂಡಿದರೆ 115. ಅವರಿಬ್ಬರೂ ಕೂಡಿಕೊಂಡೇ ರಾಜ್ಯಪಾಲರ ಬಾಗಿಲು ತಟ್ಟಿದ್ದರು. ಆದರೆ ಕರೆ ಹೋದದ್ದು ಬಿಜೆಪಿಯ ಯಡಿಯೂರಪ್ಪನವರಿಗೆ, ಬಹುಮತ ತೋರಿಸಲು ಹದಿನೈದು ದಿನದ ಗಡುವಿನ ಜೊತೆಗೆ. ಅತಿ ದೊಡ್ಡ ಪಕ್ಷ ಎಂಬ ಗೌರವವಂತೆ.

ಈ ಗೌರವ ಹಿಂದಿನ ವರ್ಷ ಗೋವಾದಲ್ಲಿ ಎಲ್ಲಿ ಮಲಗಿತ್ತೋ! ಅಲ್ಲಿ ಕಾಂಗ್ರೆಸ್ 17, ಬಿಜೆಪಿ 13. ಕರೆ ಬಂದದ್ದು ಬಿಜೆಪಿಗೆ. ಮಣಿಪುರದಲ್ಲಿ ಕಾಂಗ್ರೆಸ್ 28, ಬಿಜೆಪಿ 21. ಅಲ್ಲೂ ಬಿಜೆಪಿಗೆ. ಅಲ್ಲಿ ಕೂಡುವ ಲೆಕ್ಕ, ಇಲ್ಲಿ ದೊಡ್ಡದು ಯಾವುದು ಎನ್ನುವ ಲೆಕ್ಕ. ಸಂವಿಧಾನ ಒಂದೇ, ಮಗ್ಗಿ ಪುಸ್ತಕ ಬೇರೆ ಬೇರೆ.

ಎಂಟು ಜನ ಬೇಕು, ಹದಿನೈದು ದಿನ ಇದೆ. ದಿನಕ್ಕೆ ಹೆಚ್ಚುಕಡಿಮೆ ಅರ್ಧ ಶಾಸಕರಂತೆ ಹುಡುಕಿದರೂ ಸಾಕು. ಆ ಅರ್ಧವನ್ನು ಯಾವ ಸಂತೆಯಲ್ಲಿ ಹುಡುಕಬೇಕೆಂದು ಆದೇಶದಲ್ಲಿ ಬರೆದಿರಲಿಲ್ಲ. ಬರೆಯುವ ಅಗತ್ಯವೂ ಇರಲಿಲ್ಲ. ರೆಸಾರ್ಟಿನ ವಾಚ್‌ಮನ್‌ಗೂ ಗೊತ್ತಿತ್ತು.

ಸುಪ್ರೀಂ ಕೋರ್ಟ್ ನಡುರಾತ್ರಿ ಬಾಗಿಲು ತೆರೆಯಬೇಕಾಯಿತು. ಪ್ರಮಾಣವಚನವನ್ನು ಅದು ತಡೆಯಲಿಲ್ಲ; ಮೇ 17ರ ಬೆಳಿಗ್ಗೆ ಅದೂ ಮುಗಿಯಿತು. ಆದರೆ ಮರುದಿನ ಹದಿನೈದು ದಿನದ ರಜಾ ಚೀಟಿಯನ್ನು ಹರಿದು, 19ರ ಸಂಜೆ ನಾಲ್ಕಕ್ಕೆ ಬಹುಮತ ತೋರಿಸಿ ಎಂದಿತು. ಗಂಟೆ ನಾಲ್ಕಾದಾಗ ಮುಖ್ಯಮಂತ್ರಿ ಕೈಯಲ್ಲಿ ಭಾಷಣವಿತ್ತು, ಬಹುಮತ ಇರಲಿಲ್ಲ. ಮತಕ್ಕೆ ಹಾಕದೆಯೇ ರಾಜೀನಾಮೆ.

ಅವಸರ ಎಂದರೇನೆಂದು ವಾಲಾ ಅವರಿಗೆ ಗೊತ್ತಿರಲಿಲ್ಲ ಎನ್ನಬೇಡಿ. ಆಮೇಲೆ ಬಂದ ಕಾಂಗ್ರೆಸ್-ಜೆಡಿಎಸ್ ಕೂಟದ ಕುಮಾರಸ್ವಾಮಿ ಸರ್ಕಾರ ಮರುವರ್ಷ ಅಲ್ಲಾಡಿತು. ಆಗ ರಾಜಭವನದ ಗಡಿಯಾರ ಓಟ ಕಿತ್ತಿತು. ‘ನಾಳೆ ಮಧ್ಯಾಹ್ನ ಒಂದೂವರೆಯೊಳಗೆ ಬಹುಮತ ಸಾಬೀತುಪಡಿಸಿ’ ಎಂದು ಪತ್ರ. ಒಂದೂವರೆ ಕಳೆದದ್ದೇ ‘ಇವತ್ತು ಸಂಜೆಯೊಳಗೆ’ ಎಂದು ಇನ್ನೊಂದು. ಕುಮಾರಸ್ವಾಮಿ ಸದನದಲ್ಲಿ ಅದನ್ನು ಪ್ರೇಮಪತ್ರ ಎಂದರು. ಒಬ್ಬರಿಗೆ ಹದಿನೈದು ದಿನ, ಇನ್ನೊಬ್ಬರಿಗೆ ಒಂದು ದಿನವೂ ಇಲ್ಲ. ಕೈ ಒಂದೇ, ಪೆನ್ನೂ ಒಂದೇ ಇರಬೇಕು.

ಮನುಷ್ಯ ಕೆಟ್ಟವರಲ್ಲ. ರಾಜ್‌ಕೋಟ್‌ನ ಮೇಯರ್ ಆಗಿದ್ದಾಗ ಬರಗಾಲದಲ್ಲಿ ಊರಿಗೆ ರೈಲಿನಲ್ಲಿ ನೀರು ತರಿಸಿದವರು ಎಂಬ ಹೆಸರಿದೆ. ನರೇಂದ್ರ ಮೋದಿ ಮುಖ್ಯಮಂತ್ರಿಯಾದಾಗ ತಮ್ಮ ಕ್ಷೇತ್ರವನ್ನೇ ಬಿಟ್ಟುಕೊಟ್ಟವರು. ಅಲ್ಲಿಂದಲೇ ಮೋದಿ 2002ರ ಫೆಬ್ರುವರಿಯಲ್ಲಿ ಮೊದಲ ಸಲ ಶಾಸಕರಾದರು. ಆಮೇಲೆ ವಾಲಾ ಗುಜರಾತ್ ವಿಧಾನಸಭೆಯ ಸ್ಪೀಕರ್ ಆದರು. 2014ರಲ್ಲಿ ಮೋದಿ ಪ್ರಧಾನಿ, ಅದೇ ಸೆಪ್ಟೆಂಬರಿನಲ್ಲಿ ವಾಲಾ ನಮ್ಮ ರಾಜ್ಯಪಾಲರು. ಕೊಟ್ಟ ಸೀಟು ಕೆಡಲಿಲ್ಲ.

ಇನ್ನು 2018ರಲ್ಲಿ ಹರಿದಾಡಿದ ವಾಟ್ಸ್‌ಆ್ಯಪ್ ಕಥೆ. 1996ರಲ್ಲಿ ದೇವೇಗೌಡರು ಪ್ರಧಾನಿಯಾಗಿದ್ದಾಗ ಗುಜರಾತಿನ ಬಿಜೆಪಿ ಸರ್ಕಾರ ವಜಾ ಆಯಿತು. ಆಗ ಅಲ್ಲಿನ ಬಿಜೆಪಿ ಅಧ್ಯಕ್ಷರು ಇದೇ ವಾಲಾ. ಇಪ್ಪತ್ತೆರಡು ವರ್ಷದ ಬಳಿಕ ಗೌಡರ ಮಗ ಕುಮಾರಸ್ವಾಮಿ ವಾಲಾ ಅವರ ಬಾಗಿಲಲ್ಲಿ. ಆಹಾ, ಕರ್ಮ ಎಂದರೆ ಇದು ಎಂದು ನಮ್ಮ ಜನ ಚಪ್ಪಾಳೆ ತಟ್ಟಿದರು. ಇದೇನು ರಾಜಣ್ಣನ ಸಿನಿಮಾದ ಇಂಟರ್ವಲ್ಲೇ? ರಾಜ್ಯಪಾಲರು ಹಳೇ ಬಾಕಿ ವಸೂಲಿ ಮಾಡಬಹುದು ಎಂದು ಒಪ್ಪಿಕೊಂಡೇ ನಾವು ಆ ಜೋಕಿಗೆ ನಕ್ಕದ್ದು.

ಯಡಿಯೂರಪ್ಪನವರ ಪ್ರಮಾಣವಚನದ ದಿನ ಕಾಂಗ್ರೆಸ್ಸಿನವರು ವಿಧಾನಸೌಧದ ಗಾಂಧಿ ಪ್ರತಿಮೆಯ ಕೆಳಗೆ ಕೂತು ಪ್ರಜಾಪ್ರಭುತ್ವದ ಕೊಲೆ ಎಂದು ಕೂಗಿದರು. ಪಾಪ. 1989ರಲ್ಲಿ ಮುಖ್ಯಮಂತ್ರಿ ಬೊಮ್ಮಾಯಿಯವರಿಗೆ ಸದನದಲ್ಲಿ ಬಲ ತೋರಿಸಲೂ ಬಿಡದೆ ವಜಾಕ್ಕೆ ವರದಿ ಕಳಿಸಿದ ರಾಜ್ಯಪಾಲ ವೆಂಕಟಸುಬ್ಬಯ್ಯ ಯಾವ ಪಕ್ಷದಿಂದ ಬಂದವರು? ಕೇಂದ್ರದ ಕಾನೂನು ಸಚಿವಗಿರಿ ಮುಗಿಸಿ ಇಲ್ಲಿ ರಾಜ್ಯಪಾಲರಾಗಿ ಬಂದು, ಬಿಜೆಪಿ ಸರ್ಕಾರವನ್ನು ಮನೆಗೆ ಕಳಿಸಿ ಎಂದು ದೆಹಲಿಗೆ ಎರಡೆರಡು ಸಲ ಬರೆದ ಹಂಸರಾಜ್ ಭಾರದ್ವಾಜ್ ಯಾರ ಮನೆಯವರು? ಆಗ ರಾಜ್ಯಪಾಲರನ್ನು ಏಜೆಂಟ್ ಎಂದ ಬಿಜೆಪಿಗೆ 2018ರಲ್ಲಿ ಅದೇ ಕುರ್ಚಿ ಸಂವಿಧಾನದ ಗರ್ಭಗುಡಿ. ಘೋಷಣೆಯ ಬೋರ್ಡುಗಳನ್ನು ಎರಡೂ ಪಕ್ಷ ಒಂದೇ ಗೋದಾಮಿನಲ್ಲಿ ಇಟ್ಟುಕೊಂಡರೆ ಬಾಡಿಗೆಯಾದರೂ ಉಳಿಯುತ್ತದೆ.

ಬೊಮ್ಮಾಯಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1994ರಲ್ಲೇ ಹೇಳಿದೆ: ಬಹುಮತ ತೂಗುವ ತಕ್ಕಡಿ ಇರುವುದು ಸದನದಲ್ಲಿ, ರಾಜಭವನದಲ್ಲಲ್ಲ. ನಮ್ಮದೇ ಮುಖ್ಯಮಂತ್ರಿಯ ಹೆಸರಿನ ತೀರ್ಪು. ಇಡೀ ದೇಶ ಓದುತ್ತದೆ. ವಿಧಾನಸೌಧದ ಹತ್ತಿರದ ಬಂಗಲೆಗೆ ಮಾತ್ರ ಇನ್ನೂ ತಲುಪಿಲ್ಲ. ಆ ಬಂಗಲೆ ಕಟ್ಟಿಸಿದ್ದು ಕಬ್ಬನ್ ಸಾಹೇಬ, ಕಮಿಷನರ್ ಆಗಿದ್ದಾಗ. ಅವನೂ ದೂರದ ಧಣಿಗಳ ಪರವಾಗಿ ಇಲ್ಲಿ ಕೂತವನೇ.

ಇತ್ತೀಚಿನವರೆಗೆ ರಾಜಕೀಯದಲ್ಲಿ ಮುಳುಗಿದ್ದವರನ್ನು ರಾಜ್ಯಪಾಲರನ್ನಾಗಿ ಮಾಡಬೇಡಿ ಎಂದು ಸರ್ಕಾರಿಯಾ ಆಯೋಗ 1980ರ ದಶಕದಲ್ಲೇ ವರದಿ ಕೊಟ್ಟಿತು. ವಾಲಾ ಸುಮಾರು ಏಳು ವರ್ಷ ಇದ್ದು, 2021ರ ಜುಲೈನಲ್ಲಿ ಊರಿಗೆ ಮರಳಿದರು. ಅವರ ಜಾಗಕ್ಕೆ ಥಾವರಚಂದ್ ಗೆಹ್ಲೋಟ್ ಬಂದರು. ಹೆಸರು ಪ್ರಕಟವಾದ ದಿನ ಅವರು ಕೇಂದ್ರದಲ್ಲಿ ಸಚಿವರಾಗಿದ್ದರು.