ಪ್ರೌಢಪದಪುಷ್ಟಿ ಮೀಮಾಂಸೆ

ಗ್ರಂಥ ನಿರ್ವಿಘ್ನವಾಗಿ ಮುಗಿಯಲೆಂದು ಮೊದಲು ವಂದನೆ. 1835ರ ಫೆಬ್ರವರಿ 2ರಂದು ಟಿಪ್ಪಣಿಯೊಂದನ್ನು ಬರೆದು ನಮಗೆಲ್ಲ ಇಂಗ್ಲಿಷೇ ಗತಿ ಎಂದ ಮೆಕಾಲೆ ಸಾಹೇಬನಿಗೆ. 1852ರಲ್ಲಿ ಸಮಾನಾರ್ಥದ ಪದಗಳನ್ನೆಲ್ಲ ಗುಂಪುಗೂಡಿಸಿ ಥೆಸಾರಸ್ ಹೊರತಂದ ವೈದ್ಯ ರೋಜೆಗೆ. 1949ರಲ್ಲಿ 'ವರ್ಡ್ ಪವರ್ ಮೇಡ್ ಈಸಿ' ಬರೆದು, ಇವತ್ತಿಗೂ ಬೆಂಗಳೂರಿನ ಅವೆನ್ಯೂ ರಸ್ತೆಯ ಫುಟ್‌ಪಾತಿನಲ್ಲಿ ಗೈಡುಗಳ ಪಕ್ಕದಲ್ಲೇ ಬಿಕರಿಯಾಗುತ್ತಿರುವ ನಾರ್ಮನ್ ಲೂಯಿಸನಿಗೆ. 1894ರಲ್ಲಿ ಮಂಗಳೂರಿನಲ್ಲಿ ಕನ್ನಡ-ಇಂಗ್ಲಿಷ್ ನಿಘಂಟು ಅಚ್ಚು ಹಾಕಿಸಿದ ಕಿಟೆಲರಿಗೂ ಕೈಮುಗಿಯಬೇಕಿತ್ತು. ಆದರೆ ಆ ಮಹಾನುಭಾವರು ಪದಕ್ಕೆ ಅರ್ಥ ಕೊಟ್ಟು ಸುಮ್ಮನಾಗದೆ ಅದರ ಗಾದೆ, ಬಳಕೆಗಳನ್ನೂ ಜೊತೆಗೆ ಕೊಟ್ಟರು. ಪದವನ್ನು ನೆಂಟರಿಷ್ಟರ ಸಮೇತ ಮನೆಗೆ ಕರೆಯುವ ಆ ಪದ್ಧತಿ ನಮ್ಮ ಶಾಸ್ತ್ರಕ್ಕೆ ಒಗ್ಗದ ಕಾರಣ ಅವರನ್ನು ಕೈಬಿಡಲಾಗಿದೆ.

ಯಾವ ಶಾಸ್ತ್ರಕ್ಕೂ ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನ ಎಂಬ ನಾಲ್ಕು ಅನುಬಂಧಗಳು ಇರಬೇಕೆಂದು ಹಿರಿಯರ ಮತ. ಇಲ್ಲಿಯ ವಿಷಯ, ಪ್ರೌಢಶಾಲೆಯ ಮಕ್ಕಳಿಗೆ ಪ್ರೌಢ ಇಂಗ್ಲಿಷ್ ಪದಗಳನ್ನು ತುಂಬುವುದು. ಅಧಿಕಾರಿ ಯಾರು? ಎಂಟು, ಒಂಬತ್ತು, ಹತ್ತನೆಯ ತರಗತಿಯ ವಿದ್ಯಾರ್ಥಿ ಎಂದು ಮೇಲ್ನೋಟಕ್ಕೆ ಅನ್ನಿಸೀತು. ಅವನು ನಿಮಿತ್ತ ಮಾತ್ರ. ನಿಜವಾದ ಅಧಿಕಾರಿಗಳು ಅವನ ತಂದೆತಾಯಿ. ಪ್ರಯೋಜನವೂ ಅವರದೇ. ಸಂಬಂಧವೆಂಬುದು ಪದಕ್ಕೂ ಅರ್ಥಕ್ಕೂ ಇರಬೇಕಾದದ್ದು. ಸಿಕ್ಕಿದರೆ ಅದನ್ನು ಮುಂದೆ ನೋಡೋಣ.

ಇನ್ನು ಲಕ್ಷಣ. 'ಉದ್ದವಾದದ್ದು ಪ್ರೌಢಪದ' ಎಂದರೆ ಅತಿವ್ಯಾಪ್ತಿ ದೋಷ: 'ರೆಫ್ರಿಜರೇಟರ್' ಉದ್ದವೇ, ಆದರೆ ಅಡುಗೆಮನೆಯಲ್ಲೇ ನಿಂತಿರುವುದರಿಂದ ಅದನ್ನು ಕೇಳಿ ಯಾರೂ ಬೆರಗಾಗುವುದಿಲ್ಲ. 'ಅರ್ಥವಾಗದ್ದು ಪ್ರೌಢಪದ' ಎಂದರೆ ಡಾಕ್ಟರ ಚೀಟಿಯೂ ಒಳಗೆ ನುಗ್ಗುತ್ತದೆ. ಹೀಗಾಗಿ ನಮ್ಮ ಪರಿಷ್ಕೃತ ಲಕ್ಷಣ: ಎಲ್ಲರಿಗೂ ತಿಳಿದ ಪದ ಕೈಗೆಟುಕುವಂತಿದ್ದರೂ ಅದನ್ನು ದಾಟಿಹೋಗಿ ತಂದದ್ದು ಪ್ರೌಢಪದ. 'ಯೂಸ್' ಇರುವಾಗ 'ಯುಟಿಲೈಸ್', 'ಬಿಗಿನ್' ಇರುವಾಗ 'ಕಮೆನ್ಸ್', 'ಮೆನಿ' ಇರುವಾಗ 'ಪ್ಲೆಥೋರಾ'. ಇದಕ್ಕೆ ಅವ್ಯಾಪ್ತಿ, ಅತಿವ್ಯಾಪ್ತಿ, ಅಸಂಭವ ಮೂರೂ ತಟ್ಟುವುದಿಲ್ಲ.

ಸಾಧನಕಾಂಡಕ್ಕೆ ಬರೋಣ. ಬೆಳಗಿನ ಅಸೆಂಬ್ಲಿಯಲ್ಲಿ 'ವರ್ಡ್ ಆಫ್ ದ ಡೇ' ಎಂಬ ನಿತ್ಯವಿಧಿ ಉಂಟು. ನಾಡಗೀತೆ ಮುಗಿದು, ಪೇಪರಿನ ಮುಖ್ಯಾಂಶ ಓದಿಯಾಗಿ, ಮೈಕು ಒಮ್ಮೆ ಕಿರ್ರೆಂದ ಮೇಲೆ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಅಂಗೈಯಲ್ಲಿ ಪೆನ್ನಿನಿಂದ ಬರೆದುಕೊಂಡದ್ದನ್ನು ಕದ್ದು ನೋಡುತ್ತ ಒಂದೇ ಉಸಿರಿಗೆ ಹೇಳುತ್ತಾಳೆ: "ಬೆನೆವೊಲೆಂಟ್. ಮೀನಿಂಗ್, ಕೈಂಡ್. ಹಿ ಈಸ್ ಎ ಬೆನೆವೊಲೆಂಟ್ ಮ್ಯಾನ್. ಥ್ಯಾಂಕ್ ಯೂ." ಚಪ್ಪಾಳೆ. ಮಂಗಳವಾರ ಇನ್ನೊಬ್ಬಳು: "ಹಿ ಈಸ್ ಎ ಗ್ಯಾರುಲಸ್ ಮ್ಯಾನ್." ಬುಧವಾರ ಅವನೇ ಪಗ್ನೇಶಸ್, ಜಗಳಗಂಟ. ಗುರುವಾರ ಗಲಿಬಲ್, ಹೇಳಿದ್ದನ್ನೆಲ್ಲ ನಂಬುವವನು. ಶುಕ್ರವಾರದ ಹೊತ್ತಿಗೆ ಎಮೇಶಿಯೇಟೆಡ್, ಎಲುಬಿನ ಹಂದರ. ಒಂದೇ ವಾರದಲ್ಲಿ ಇಷ್ಟೆಲ್ಲ ಆದವನು ಸೊರಗದೆ ಇನ್ನೇನಾದಾನು!

ಈ 'ಹಿ' ಯಾರು? ಶಾಸ್ತ್ರದ ಅತ್ಯಂತ ಜಟಿಲ ಪ್ರಶ್ನೆ ಇದು. ಅವನಿಗೆ ಹೆಸರಿಲ್ಲ, ಊರಿಲ್ಲ, ಕಸುಬಿಲ್ಲ. ಯಾರಿಗೆ ದಯೆ ತೋರಿದ, ಯಾವ ವಿಷಯಕ್ಕೆ ಜಗಳಕ್ಕೆ ನಿಂತ, ಯಾರ ಮಾತು ನಂಬಿ ಕೆಟ್ಟ ಎಂಬುದಕ್ಕೆ ಎಲ್ಲಿಯೂ ಆಧಾರ ಸಿಗುವುದಿಲ್ಲ. ಅದ್ವೈತಿಗಳ ಪ್ರಕಾರ ಅವನು ನಿರ್ಗುಣ. ಬೆಳಿಗ್ಗೆ ಅಸೆಂಬ್ಲಿಯಲ್ಲಿ ಅವನ ಮೇಲೆ ಒಂದು ಗುಣದ ಅಧ್ಯಾರೋಪ, ಸಂಜೆ ಕೊನೆಯ ಬೆಲ್ ಹೊಡೆದಾಗ ಅಪವಾದ. ದ್ವೈತಿಗಳ ವಾದ ಬೇರೆ: ದಿನಕ್ಕೊಬ್ಬ ಬೇರೆಯೇ 'ಹಿ', ಭೇದವೇ ಸತ್ಯ. ಟ್ಯೂಷನ್ ಮೇಷ್ಟರ ಮತವೆಂದರೆ, ಅವನು ಯಾರಾದರೆ ನಮಗೇನ್ರೀ, ಪರೀಕ್ಷೆಗೆ ಬರೋದು ಪದ ತಾನೆ. ಈ ಮೂರನೆಯದೇ ಇವತ್ತು ನಾಡಿನಾದ್ಯಂತ ಚಾಲ್ತಿಯಲ್ಲಿರುವ ಸಂಪ್ರದಾಯ.

ಕಂಠಪಾಠಕ್ಕೆ ಜರ್ಮನಿಯ ಎಬ್ಬಿಂಗ್‌ಹೌಸ್ ನಮಗೆ ಪ್ರಮಾಣ. ನೆನಪಿನ ಬಗ್ಗೆ 1885ರಲ್ಲಿ ಆತ ಪ್ರಕಟಿಸಿದ ಪುಸ್ತಕದ ಪ್ರಯೋಗಗಳೆಲ್ಲ ತನ್ನ ಮೇಲೆಯೇ ಮಾಡಿಕೊಂಡವು. ಅರ್ಥವಿರುವ ಮಾತಾದರೆ ಸಲೀಸಾಗಿ ತಲೆಯಲ್ಲಿ ಕೂತು ಲೆಕ್ಕ ಕೆಡಿಸೀತೆಂದು, ಏನೇನೂ ಅರ್ಥವಿಲ್ಲದ ಸಣ್ಣ ಸಣ್ಣ ಸದ್ದುಗಳ ಪಟ್ಟಿ ಮಾಡಿ ಉರುಹೊಡೆದ. ಒಂದು ಗಂಟೆ ಕಳೆಯುವಷ್ಟರಲ್ಲಿ ಅರ್ಧಕ್ಕಿಂತ ಹೆಚ್ಚು ಸೋರಿಹೋಗಿತ್ತು. ನಮ್ಮ ವೊಕ್ಯಾಬ್ಯುಲರಿ ಕ್ಲಾಸುಗಳು ಆ ಪ್ರಯೋಗವನ್ನು ಚಾಚೂ ತಪ್ಪದೆ ಮುಂದುವರಿಸಿಕೊಂಡು ಬಂದಿವೆ. ನಡುವೆ ಅರ್ಥ ನುಸುಳದಂತೆ ಕಾಯುವುದರಲ್ಲಂತೂ ಆತನನ್ನೂ ಮೀರಿಸಿವೆ. ಒಂದು ತಿದ್ದುಪಡಿ ಮಾತ್ರ ನಮ್ಮದು. ಎಬ್ಬಿಂಗ್‌ಹೌಸ್ ಎಷ್ಟು ಮರೆತೆನೆಂದು ಅಳೆದ. ನಾವು ಶನಿವಾರ ರಾತ್ರಿ ಓದಿಸಿ, ಭಾನುವಾರ ಬೆಳಿಗ್ಗೆ ಟೆಸ್ಟ್ ಇಟ್ಟು, ಸೋಮವಾರದ ಸುದ್ದಿಗೇ ಹೋಗುವುದಿಲ್ಲ.

ಇಲ್ಲಿ ಪೂರ್ವಪಕ್ಷದವನು ಎದ್ದು ನಿಲ್ಲುತ್ತಾನೆ. ಅವನ ಕೈಯಲ್ಲಿ ಅಂಕಿಸಂಖ್ಯೆಗಳಿವೆ, ಸುಲಭದ ಆಸಾಮಿಯಲ್ಲ. "ಬಂಗಾಳದಲ್ಲಿ ಪಾಠ ಮಾಡಿದ ಮೈಕೆಲ್ ವೆಸ್ಟ್ 1953ರಲ್ಲೇ ಸುಮಾರು 2000 ಪದಗಳ ಪಟ್ಟಿ ಕೊಟ್ಟ. ಸಾಧಾರಣ ಇಂಗ್ಲಿಷ್ ಬರಹದಲ್ಲಿ ನೂರಕ್ಕೆ ಎಂಬತ್ತರಷ್ಟು ಪದಗಳು ಅವೇ. ಕಾಲೇಜಿನ ಪುಸ್ತಕ ಓದಲು ಇನ್ನೇನು ಬೇಕೆಂದು ನ್ಯೂಜಿಲೆಂಡಿನ ಆವೆರಿಲ್ ಕಾಕ್ಸ್‌ಹೆಡ್ 2000ದಲ್ಲಿ 570 ಪದಕುಟುಂಬಗಳನ್ನು ಆರಿಸಿಟ್ಟಳು. ಅದೇ ದೇಶದ ಪಾಲ್ ನೇಷನ್ 2006ರಲ್ಲಿ ಲೆಕ್ಕ ಹಾಕಿ, ಯಾರ ನೆರವಿಲ್ಲದೆ ಕಾದಂಬರಿ ಓದಲು ಎಂಟೊಂಬತ್ತು ಸಾವಿರ ಪದಕುಟುಂಬ ಬೇಕೆಂದ. ಅಷ್ಟನ್ನು ಪಟ್ಟಿಯಿಂದ ಯಾರಿಗೂ ತುಂಬಲಾಗದು. ಓದಿನಲ್ಲಿ ಮತ್ತೆ ಮತ್ತೆ ಎದುರಾಗಿಯೇ ಅವು ಒಳಗಿಳಿಯಬೇಕು. ನಿಮ್ಮ ಮಕ್ಕಳು ಮುಗ್ಗರಿಸುವುದು 'ಯುಬಿಕ್ವಿಟಸ್'ನಲ್ಲಿ ಅಲ್ಲ ಸ್ವಾಮಿ, 'ಅನ್‌ಲೆಸ್'ನಲ್ಲಿ, 'ಆಲ್ದೋ'ದಲ್ಲಿ, 'ಹಾರ್ಡ್‌ಲಿ'ಯಲ್ಲಿ. ಅವರ ಕೈಗೆ ನಾಲ್ಕು ಕಥೆ ಪುಸ್ತಕ ಕೊಡಿ."

ಇದಕ್ಕೆ ಸಿದ್ಧಾಂತಿಯ ಉತ್ತರ. ಕಥೆ ಪುಸ್ತಕ ಓದಿದ್ದಕ್ಕೆ ರಸೀತಿ ಇಲ್ಲ. ಹುಡುಗಿ ರಾತ್ರಿಯೆಲ್ಲ ಕೂತು ಒಂದು ಕಾದಂಬರಿ ಮುಗಿಸಿದಳು ಎನ್ನೋಣ. ಪೋಷಕರ ಸಭೆಯಲ್ಲಿ ಯಾವ ಕಾಲಂನಲ್ಲಿ ತೋರಿಸುವುದು? 'ಆಲ್ದೋ' ಬರುತ್ತದೆಂದು ಯಾವ ತಾಯಿ ಪಕ್ಕದ ಮನೆಯವರಿಗೆ ಹೇಳಿಕೊಂಡಾಳು? ಅದೂ ಅಲ್ಲದೆ ಪುಸ್ತಕಗಳಿರುವುದು ಕಪಾಟಿನಲ್ಲಿ. ಕಪಾಟಿಗೆ ಬೀಗವಿದೆ. ಬೀಗದ ಕೈ ಪಿ.ಟಿ. ಮೇಷ್ಟರ ಹತ್ತಿರ. ಪಿ.ಟಿ. ಮೇಷ್ಟರು ಹುಡುಗರನ್ನು ತಾಲ್ಲೂಕು ಮಟ್ಟದ ಕಬಡ್ಡಿಗೆ ಕರೆದುಕೊಂಡು ಹೋಗಿದ್ದಾರೆ. ಇದ್ದರೂ ಕೊಡುವುದಿಲ್ಲ, ಏಕೆಂದರೆ ಒಂದು ಪುಸ್ತಕ ಕಳೆದರೂ ಸ್ಟಾಕ್ ರಿಜಿಸ್ಟರಿನಲ್ಲಿ ಉತ್ತರ ಹೇಳಬೇಕಾದವರು ಅವರು. ಇಡೀ ಕಪಾಟನ್ನು ಯಾರೂ ಓದಲಿಲ್ಲವೆಂದು ಯಾರೂ ಕೇಳುವುದಿಲ್ಲ. ಪೂರ್ವಪಕ್ಷ ಇಲ್ಲಿಗೆ ನಿರಸ್ತ.

(ಒಂದು ಉಪಕಥೆ. ಅಮೆರಿಕದವರು ತಮ್ಮ ಎಸ್‌ಎಟಿ ಪರೀಕ್ಷೆಯನ್ನು 2016ರಲ್ಲಿ ತಿದ್ದಿ, ಎಲ್ಲೂ ಬಳಕೆಯಲ್ಲಿಲ್ಲದ ಭಾರಿ ಪದಗಳನ್ನು ಕೇಳುವ ಪ್ರಶ್ನೆಗಳನ್ನು ಕೈಬಿಟ್ಟರು. ಅವರಿಗೇ ಬೇಡವಾದ ಪಟ್ಟಿಗಳು ನಮ್ಮಲ್ಲಿ ಇನ್ನೂ ಜೆರಾಕ್ಸ್ ಆಗುತ್ತಿವೆ. ಪರಂಪರೆ ಉಳಿಸುವ ಹೊಣೆ ಒಬ್ಬರು ಕೆಳಗಿಳಿಸಿದರೆ ಇನ್ನೊಬ್ಬರು ಹೊರಲೇಬೇಕಲ್ಲ.)

ಅಭಿನವ ಆಚಾರ್ಯರಲ್ಲಿ ಶಶಿ ತರೂರ್ ಅಗ್ರಗಣ್ಯರು. 2017ರಲ್ಲಿ ಅವರು ಟ್ವಿಟರಿನಲ್ಲಿ 'ಫರಾಗೊ' ಎಂದಾಗ ದೇಶವೇ ನಿಘಂಟು ತೆರೆಯಿತು. ಮರುವರ್ಷ ಪ್ರಧಾನಿಯ ಬಗ್ಗೆ ಪುಸ್ತಕ ಬಂದ ಸಂದರ್ಭದಲ್ಲಿ 'ಫ್ಲಾಕ್ಸಿನಾಸಿನಿಹಿಲಿಪಿಲಿಫಿಕೇಶನ್' ಎಂಬ 29 ಅಕ್ಷರಗಳ ಪದವನ್ನು ಹರಿಯಬಿಟ್ಟರು. ತರೂರರು ಓದಿ ಓದಿ ಅಲ್ಲಿಗೆ ಮುಟ್ಟಿದವರು. ನಮ್ಮ ಶಾಸ್ತ್ರ ಓದನ್ನು ಬಿಟ್ಟು ನೇರ ಅಲ್ಲಿಗೇ ಮುಟ್ಟಿಸುತ್ತದೆ. ಹಬ್ಬಕ್ಕೆ ಬಂದ ದೊಡ್ಡಪ್ಪನ ಮುಂದೆ ಇದರ ಪ್ರಯೋಗವನ್ನು ಕಾಣಬಹುದು.

"ಎಲ್ಲಿ ಪುಟ್ಟ, ದೊಡ್ಡಪ್ಪನಿಗೆ ಆ ಪದ ಹೇಳು."

ಪುಟ್ಟ ಕಣ್ಣುಮುಚ್ಚಿ, ಎರಡು ಕಡೆ ಉಸಿರು ತೆಗೆದುಕೊಂಡು ಪೂರ್ತಿ ಹೇಳುತ್ತಾನೆ. ದೊಡ್ಡಪ್ಪ ಕೋಡುಬಳೆ ಮುರಿಯುತ್ತ ಯೋಚಿಸಿ, "ಭೇಷ್! ಎಲ್ಲಿ ಬರುತ್ತೋ ಈ ಊರು?" ಎನ್ನುತ್ತಾರೆ.

ಕೊನೆಯದಾಗಿ, ಶಾಸ್ತ್ರ ಪೂರ್ತಿ ಮೈಗೂಡಿದ ವಿದ್ಯಾರ್ಥಿಯ ಬರಹ ಹೇಗಿರುತ್ತದೆಂಬುದಕ್ಕೆ ಲಕ್ಷ್ಯ. ಯೂನಿಟ್ ಟೆಸ್ಟಿನಲ್ಲಿ 'ನಮ್ಮೂರ ಜಾತ್ರೆ' ಎಂಬ ಐದು ಅಂಕದ ಇಂಗ್ಲಿಷ್ ಪ್ರಬಂಧ. ಹತ್ತನೆಯ ತರಗತಿಯ ಹುಡುಗನೊಬ್ಬ ಬರೆಯುತ್ತಾನೆ: ಜಾತ್ರೆಯಲ್ಲಿ ಪ್ಲೆಥೋರಾ ಆಫ್ ಪೀಪಲ್ ಇದ್ದರು, ಮಿರಿಯಡ್ ಬಲೂನುಗಳಿದ್ದವು, ಬೆಂಡುಬತ್ತಾಸು ಯುಬಿಕ್ವಿಟಸ್ ಆಗಿತ್ತು, ತೇರು ಜೈಗ್ಯಾಂಟಿಕ್ ಆಗಿತ್ತು, ನಾವು ಯುಫೋರಿಕ್ ಆದೆವು. ಅಸಲಿಗೆ ಆ ಸಲ ತೇರು ಎಳೆಯುವ ನೂಕುನುಗ್ಗಲಿನಲ್ಲಿ ಅವನ ತಮ್ಮ ಕೈಬಿಟ್ಟು ಹೋಗಿದ್ದ. ಅವ್ವ ಚಪ್ಪಲಿ ಬಿಟ್ಟು ಬರಿಗಾಲಲ್ಲೇ ಓಡಾಡಿದ್ದಳು. ಕತ್ತಲಾದ ಮೇಲೆ ಆ ತಮ್ಮ ಮಿರ್ಚಿ ಅಂಗಡಿಯ ಹಿಂದೆ, ಎಣ್ಣೆ ಡಬ್ಬದ ಮೇಲೆ ಕೂತು ಮಂಡಕ್ಕಿ ತಿನ್ನುತ್ತ ಸಿಕ್ಕಿದ್ದ, ಮಂಡಕ್ಕಿ ಅಂಗಡಿಯವನೇ ಕೊಟ್ಟದ್ದು. ಇದನ್ನು ಹುಡುಗ ಬರೆಯಲಿಲ್ಲ. ಅದಕ್ಕೆ ಬೇಕಾದ 'ಲಾಸ್ಟ್', 'ಫೌಂಡ್', 'ಮದರ್', 'ಕ್ರೈಡ್' ಎಲ್ಲ ಆರನೆಯ ತರಗತಿಯ ಪದಗಳು. ಹತ್ತನೆಯ ತರಗತಿಯ ಉತ್ತರಪತ್ರಿಕೆಯಲ್ಲಿ ಅವುಗಳಿಗೆ ಪ್ರವೇಶವಿಲ್ಲವೆಂದು ಅವನಿಗೆ ಚೆನ್ನಾಗಿ ಗೊತ್ತು. ಮೇಡಂ ಕೆಂಪು ಶಾಯಿಯಲ್ಲಿ 'ಗುಡ್ ವೊಕ್ಯಾಬ್ಯುಲರಿ' ಎಂದು ಬರೆದು ನಾಲ್ಕೂವರೆ ಕೊಟ್ಟರು. ಅರ್ಧ ಹೋದದ್ದು 'ಯುಬಿಕ್ವಿಟಸ್'ನ ಸ್ಪೆಲಿಂಗಿಗೆ.

ಅಥ ಫಲಶ್ರುತಿಃ. ಈ ಮೀಮಾಂಸೆಯನ್ನು ದಿನಕ್ಕೆರಡು ಬಾರಿ ಪಾರಾಯಣ ಮಾಡಿದವರಿಗೆ ಪ್ರಿಪರೇಟರಿಯಲ್ಲಿ ಅಂಕ, ಮದುವೆಮನೆಯಲ್ಲಿ ಮರ್ಯಾದೆ, ವಾಟ್ಸ್‌ಆ್ಯಪ್ ಗುಂಪಿನಲ್ಲಿ ಕೈಜೋಡಿಸಿದ ಎಮೋಜಿಗಳು ಲಭಿಸುತ್ತವೆ. ಮುಂದೆ ಕೆಲಸಕ್ಕೆಂದು ಬೆಂಗಳೂರಿಗೆ ಹೋದಾಗ ಮೆಟ್ರೋದಲ್ಲಿ ಪಕ್ಕದ ಸೀಟಿನವರಿಗೆ 'ಸ್ವಲ್ಪ ಆ ಕಡೆ ಸರೀತೀರಾ' ಎಂದು ಇಂಗ್ಲಿಷಿನಲ್ಲಿ ಕೇಳುವುದು ಹೇಗೆಂಬ ಪ್ರಶ್ನೆ ಈ ಶಾಸ್ತ್ರದ ವ್ಯಾಪ್ತಿಗೆ ಬರುವುದಿಲ್ಲ.